ಇಲಿಯ ರೆಟಿನಾದಲ್ಲಿ ರಕ್ತದ ಹರಿವು ಇಳಿದಿತ್ತು, ಕಾರಣ ಮಾತ್ರ ಬೇರೆ ಕಡೆ ಇತ್ತು: ಒಂದು ಪ್ರಕರಣ ಅಧ್ಯಯನ

ಪ್ರಶ್ನೆ ನೇರವಾಗಿತ್ತು. ಸಕ್ಕರೆ ಕಾಯಿಲೆ ಶುರುವಾದ ಮೊದಲ ವಾರಗಳಲ್ಲೇ ಇಲಿಯ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರಕ್ಕೆ, ಹೋಗುವ ರಕ್ತ ಕಡಿಮೆಯಾಗುತ್ತದಾ? ರೆಟಿನಾದ ನಾಳಗಳಲ್ಲಿ ಕಣ್ಣಿಗೆ ಕಾಣುವಂಥ ಹಾನಿ ಆಗೋದು ಬಹಳ ತಡವಾಗಿ. ಅದಕ್ಕೂ ಮೊದಲೇ ಹರಿವು ಏರುಪೇರಾಗುತ್ತಿದ್ದರೆ ಆ ಹಂತದಲ್ಲೇ ಔಷಧಿ ಕೊಟ್ಟು ನೋಡಬಹುದು. ಹಾಗಾಗಿ ಇದು ಬೆಲೆಯುಳ್ಳ ಪ್ರಶ್ನೆ. ಇದಕ್ಕೆ ತಪ್ಪು ಉತ್ತರ ಸಿಕ್ಕರೆ ಅದನ್ನು ನಂಬಿಕೊಂಡು ಮುಂದೆ ಮಾಡುವ ಪ್ರಯೋಗಗಳೂ, ಅದಕ್ಕೆ ಬಳಸುವ ಪ್ರಾಣಿಗಳೂ ವ್ಯರ್ಥ.

ಒಂದು ಲ್ಯಾಬಿನ ತಂಡ ಇದನ್ನು ಅಳೆದಿತ್ತು. ಎರಡು ಗುಂಪು ಇಲಿಗಳು. ಒಂದು ಗುಂಪಿಗೆ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಸಕ್ಕರೆ ಕಾಯಿಲೆ ಬರಿಸಿದ್ದರು. ಇದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ, ಕೆಲವೇ ದಿನಗಳಲ್ಲಿ ಶುಗರ್ ಏರುತ್ತದೆ. ಇನ್ನೊಂದು ಗುಂಪು ಆರೋಗ್ಯವಾಗಿರುವ ಕಂಟ್ರೋಲ್ ಇಲಿಗಳು. ಎರಡಕ್ಕೂ ಅರಿವಳಿಕೆ ಕೊಟ್ಟು ಡಾಪ್ಲರ್ ಓಸಿಟಿಯಲ್ಲಿ (ಬೆಳಕು ಬಿಟ್ಟು ಅಂಗಾಂಶದ ಆಳದ ಚಿತ್ರವನ್ನೂ ರಕ್ತದ ವೇಗವನ್ನೂ ಹಿಡಿಯುವ ಯಂತ್ರ) ರೆಟಿನಾದ ಒಟ್ಟು ಹರಿವು ಅಳೆದರು. ಕಾಯಿಲೆಯ ಗುಂಪಿನಲ್ಲಿ ಹರಿವು ಎದ್ದು ಕಾಣುವಷ್ಟು ಕಡಿಮೆ ಬಂತು. ಗ್ರಾಫ್ ಸಿದ್ಧವಾಗಿತ್ತು, ಪಿ ಮೌಲ್ಯವೂ (ವ್ಯತ್ಯಾಸ ಬರೀ ಆಕಸ್ಮಿಕ ಅಲ್ಲ ಅನ್ನೋದಕ್ಕೆ ನೋಡುವ ಅಂಕಿ) ಚೆನ್ನಾಗಿತ್ತು, ಬರವಣಿಗೆ ಅರ್ಧ ಮುಗಿದಿತ್ತು. ಕಳಿಸುವ ಮೊದಲು ಕಚ್ಚಾ ಡೇಟಾ ಒಮ್ಮೆ ನೋಡಿಬಿಡಿ ಅಂತ ನನ್ನ ಕೈಗೆ ಕೊಟ್ಟರು. ಮುಂದೆ ಆಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಅಳತೆ ಮಾಡುವ ಬೇರೆ ಲ್ಯಾಬ್‌ಗಳಲ್ಲೂ ಇದೇ ಕತೆ ನಡೆಯಬಹುದು, ನಡೆದರೂ ಯಾರ ಗಮನಕ್ಕೂ ಬರದೇ ಹೋಗಬಹುದು.

ಏನನ್ನು ಅಳೆಯುತ್ತಿದ್ದೇವೆ ಅನ್ನೋದು ಮೊದಲು

ರೆಟಿನಾಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಳಗಿನ ಪದರಗಳಿಗೆ ರೆಟಿನಾದ ಸ್ವಂತ ನಾಳಗಳು. ಹೊರಗಿನ ಪದರಕ್ಕೆ, ಅಂದರೆ ಬೆಳಕು ಹಿಡಿಯುವ ಕೋಶಗಳಿಗೆ, ಹಿಂದಿರುವ ಕೊರಾಯ್ಡ್ ಅನ್ನುವ ರಕ್ತನಾಳಗಳ ಪದರದಿಂದ. ಕಣ್ಣಿಗೆ ಬರುವ ರಕ್ತದಲ್ಲಿ ಬಹುಪಾಲು ಹೋಗೋದು ಕೊರಾಯ್ಡ್‌ಗೆ, ರೆಟಿನಾದ ನಾಳಗಳಿಗೆ ಸಿಗೋದು ಅದರ ಸಣ್ಣ ಪಾಲು ಅಷ್ಟೇ. ಈ ಎರಡರ ಸ್ವಭಾವವೂ ಬೇರೆ. ರೆಟಿನಾದ ನಾಳಗಳು ಒತ್ತಡ ಬದಲಾದರೂ ಹರಿವನ್ನು ಒಂದು ಮಿತಿಯೊಳಗೆ ತಾವೇ ಕಾಪಾಡಿಕೊಳ್ಳುತ್ತವೆ, ಆಮ್ಲಜನಕ ಹೆಚ್ಚಾದರೆ ಕುಗ್ಗುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹಿಗ್ಗುತ್ತವೆ. ಕೊರಾಯ್ಡ್‌ನಲ್ಲಿ ಆಮ್ಲಜನಕಕ್ಕೆ ಇಷ್ಟು ಸ್ಪಂದನೆ ಇಲ್ಲ.

ಹಾಗಾಗಿ ಎರಡನ್ನೂ ಕಲಸಿ ಅಳೆಯುವ ವಿಧಾನ ಈ ಪ್ರಶ್ನೆಗೆ ಉಪಯೋಗಕ್ಕೆ ಬರುವುದಿಲ್ಲ. ಲೇಸರ್ ಸ್ಪೆಕಲ್, ಅಂದರೆ ಲೇಸರ್ ಬೆಳಕಿನ ಚುಕ್ಕಿಗಳು ರಕ್ತ ಓಡಿದಂತೆ ಮಸುಕಾಗುವುದನ್ನು ನೋಡುವ ವಿಧಾನ, ವೇಗದ್ದು, ಕಣ್ಣಿಗೆ ತೊಂದರೆಯೂ ಇಲ್ಲ, ಆದರೆ ಅದು ಕೊಡೋದು ಹೋಲಿಕೆಯ ಸಂಖ್ಯೆ. ಬಿಳಿ ಇಲಿಗಳಲ್ಲಿ ಮೆಲನಿನ್ ಇಲ್ಲದ್ದರಿಂದ ಹಿಂದಿನ ಕೊರಾಯ್ಡ್‌ನ ಸಂಕೇತವೂ ಸುಲಭವಾಗಿ ಸೇರಿಕೊಳ್ಳುತ್ತದೆ. ಒಂದೇ ಪ್ರಾಣಿಯಲ್ಲಿ ಮೊದಲು ಮತ್ತು ಆಮೇಲೆ ನೋಡೋದಕ್ಕೆ ಅದು ಒಳ್ಳೆಯದು, ಎರಡು ಗುಂಪುಗಳನ್ನು ಹೋಲಿಸೋದಕ್ಕೆ ಅಷ್ಟು ಒಳ್ಳೆಯದಲ್ಲ. ಮೈಕ್ರೋಸ್ಫಿಯರ್, ಅಂದರೆ ಸೂಕ್ಷ್ಮ ಗೋಲಿಗಳನ್ನು ರಕ್ತಕ್ಕೆ ಬಿಟ್ಟು ಅಂಗಾಂಶದಲ್ಲಿ ಎಷ್ಟು ಸಿಕ್ಕಿಕೊಂಡವು ಅಂತ ಎಣಿಸುವ ಹಳೆಯ ವಿಧಾನ, ನಿಜವಾದ ಹರಿವಿನ ಲೆಕ್ಕ ಕೊಡುತ್ತದೆ. ಆದರೆ ಕೊನೆಗೆ ಪ್ರಾಣಿಯ ಜೀವ ತೆಗೆಯಬೇಕು, ಎರಡನೇ ಸಲ ಅಳೆಯೋದಕ್ಕೆ ಆಗಲ್ಲ. ಜೊತೆಗೆ ನಂಬುವಂಥ ಲೆಕ್ಕಕ್ಕೆ ಒಂದು ಮಾದರಿಯಲ್ಲಿ ಸುಮಾರು 400 ಗೋಲಿಗಳಾದರೂ ಬೇಕು ಅನ್ನೋದು ರೂಢಿಯ ನಿಯಮ. ಇಲಿಯ ರೆಟಿನಾದಷ್ಟು ಚಿಕ್ಕ ಅಂಗಾಂಶದಲ್ಲಿ ಅಷ್ಟು ಸಿಗೋದೇ ಕಷ್ಟ. ರೆಟಿನಾ ಬಿಡಿಸುವಾಗ ಕೊರಾಯ್ಡ್‌ನ ಒಂದು ಚೂರು ಅಂಟಿಕೊಂಡು ಬಂದರೂ ಲೆಕ್ಕ ಕೆಟ್ಟಿತು.

ಡಾಪ್ಲರ್ ವಿಧಾನಕ್ಕೆ ಈ ಕ್ಷೇತ್ರದಲ್ಲಿ ದೊಡ್ಡ ಇತಿಹಾಸ ಇದೆ. 1972ರಲ್ಲಿ ಚಾರ್ಲ್ಸ್ ರೀವಾ ಮತ್ತು ಜೊತೆಗಾರರು ಮೊಲದ ರೆಟಿನಾದ ಅಪಧಮನಿಯಲ್ಲಿ ಲೇಸರ್ ಡಾಪ್ಲರ್‌ನಿಂದ ರಕ್ತದ ವೇಗ ಅಳೆದು ತೋರಿಸಿದರು. ಇವತ್ತಿನ ಡಾಪ್ಲರ್ ಓಸಿಟಿಯೂ ನಿಂತಿರೋದು ಅದೇ ತತ್ವದ ಮೇಲೆ, ಜೊತೆಗೆ ಆಳವನ್ನೂ ತೋರಿಸುತ್ತದೆ. ಆದ್ದರಿಂದ ಕೊರಾಯ್ಡ್ ಬೇರೆ, ರೆಟಿನಾ ಬೇರೆ ಅಂತ ಬಿಡಿಸಿ ನೋಡಬಹುದು.

ಅದರಲ್ಲಿ ಒಂದು ದೊಡ್ಡ ತೊಡಕಿದೆ, ಕೋನ. ಯಂತ್ರಕ್ಕೆ ಕಾಣೋದು ಬೆಳಕಿನ ದಿಕ್ಕಿನಲ್ಲಿ ಆಗುವ ಚಲನೆ ಮಾತ್ರ. ರೆಟಿನಾದ ನಾಳಗಳು ಹೆಚ್ಚುಕಮ್ಮಿ ಅಡ್ಡಕ್ಕೆ ಮಲಗಿರುತ್ತವೆ, ಬೆಳಕು ಮೇಲಿನಿಂದ ಬೀಳುತ್ತದೆ. ನಾಳಕ್ಕೂ ಬೆಳಕಿಗೂ ನಡುವಿನ ಕೋನ 85 ಡಿಗ್ರಿ ಅಂತ ಇಟ್ಟುಕೊಳ್ಳಿ. ಅದನ್ನು 86 ಅಂತ ಅಂದಾಜು ಮಾಡಿದರೆ, ಒಂದೇ ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಲೆಕ್ಕ ಹಾಕಿದ ವೇಗ 25 ಶೇಕಡಾ ಜಾಸ್ತಿ ಬರುತ್ತದೆ. ಎರಡು ಗುಂಪುಗಳ ನಡುವೆ ನಾವು ಹುಡುಕುವ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರಲ್ಲ!

ಈ ತಂಡ ಅದನ್ನು ಸರಿಯಾಗಿ ನಿಭಾಯಿಸಿತ್ತು. ಇಲಿಯ ಕಣ್ಣಿನ ನಾಳಗಳು ಆಪ್ಟಿಕ್ ಡಿಸ್ಕ್‌ನಿಂದ, ಅಂದರೆ ಕಣ್ಣಿನ ನರ ಹೊರಡುವ ಜಾಗದಿಂದ, ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಹರಡುತ್ತವೆ, ಒಂದು ಅಪಧಮನಿ, ಒಂದು ಸಿರೆ, ಹೀಗೆ ಸರದಿಯಲ್ಲಿ. ಡಿಸ್ಕ್‌ನ ಹತ್ತಿರ ಈ ನಾಳಗಳು ಆಳದಿಂದ ಮೇಲಕ್ಕೆ ಬರುತ್ತವೆ, ಅಥವಾ ಆಳಕ್ಕೆ ಇಳಿಯುತ್ತವೆ. ಅಲ್ಲಿ ಒಂದು ಸಮತಟ್ಟಾದ ಅಡ್ಡಕೊಯ್ತ ತೆಗೆದುಕೊಂಡು, ನಾಳದ ಒಳಗಿನ ಪ್ರತಿ ಪಿಕ್ಸೆಲ್‌ನ ವೇಗವನ್ನೂ ಅದರ ವಿಸ್ತೀರ್ಣದಿಂದ ಗುಣಿಸಿ ಕೂಡಿದರೆ ಕೋನದ ಗೊಡವೆಯೇ ಬೇಡ. ನಾಳ ಓರೆಯಾದಷ್ಟೂ ಕಾಣುವ ವೇಗ ಕಡಿಮೆಯಾಗುತ್ತದೆ, ಅಷ್ಟೇ ಪಾಲು ಕೊಯ್ತದ ವಿಸ್ತೀರ್ಣ ಹೆಚ್ಚುತ್ತದೆ, ಒಂದಕ್ಕೊಂದು ಹೊಡೆದುಹೋಗುತ್ತವೆ. ನನಗೆ ಈ ವಿಧಾನ ತುಂಬಾ ಇಷ್ಟ. ಹಾಗಾಗಿ ಯಂತ್ರದ ಕಡೆಯಿಂದ ದೊಡ್ಡ ತಕರಾರು ಏನೂ ಸಿಗಲಿಲ್ಲ. ಅಪಧಮನಿಯಲ್ಲಿ ವೇಗ ಯಂತ್ರದ ಮಿತಿ ದಾಟಿದಾಗ ಸಂಖ್ಯೆ ತಿರುಗಿ ಋಣಾತ್ಮಕವಾಗಿ ಕಾಣುತ್ತದೆ, ಅದನ್ನೂ ಬಿಡಿಸಿ ಸರಿಮಾಡಿದ್ದರು, ಒಟ್ಟು ಹರಿವಿಗೆ ವೇಗ ಕಡಿಮೆ ಇರುವ ಸಿರೆಗಳನ್ನೇ ಬಳಸಿದ್ದರು.

ಮೊದಲ ಸುಳಿವು

ಸರಾಸರಿ ಸಂಖ್ಯೆಗಳನ್ನು ಬದಿಗಿಟ್ಟು ಒಂದೊಂದೇ ಪ್ರಾಣಿಯ ಟ್ರೇಸ್, ಅಂದರೆ ಹೊತ್ತು ಹೊತ್ತಿನ ಹರಿವಿನ ಗೆರೆ, ತೆರೆದು ನೋಡಿದೆ. ಹರಿವು ಒಂದೇ ಸಮ ಇರೋದಿಲ್ಲ, ಹೃದಯದ ಪ್ರತಿ ಬಡಿತಕ್ಕೂ ಏರಿ ಇಳಿಯುತ್ತದೆ. ಅರಿವಳಿಕೆಯಲ್ಲಿರುವ ಇಲಿಯ ಹೃದಯ ನಿಮಿಷಕ್ಕೆ 240 ಸಲ ಬಡಿದರೆ ಒಂದು ಬಡಿತಕ್ಕೆ 250 ಮಿಲಿಸೆಕೆಂಡ್. ಈ ಯಂತ್ರ ಅದರೊಳಗೆ ಹಲವು ಸಲ ಡಿಸ್ಕ್ ಸ್ಕ್ಯಾನ್ ಮಾಡುವಷ್ಟು ವೇಗದ್ದು, ಆದ್ದರಿಂದ ಅಪಧಮನಿಯಲ್ಲಿ ಅಲೆಯ ಆಕಾರ ಚೆನ್ನಾಗಿ ಕಾಣುತ್ತಿತ್ತು.

ಆರೋಗ್ಯವಾದ ಪ್ರಾಣಿಯಲ್ಲಿ ಅಲೆ ಕೆಳಗಿಳಿದಾಗಲೂ ಹರಿವು ನಿಲ್ಲೋದಿಲ್ಲ. ಎರಡು ಬಡಿತಗಳ ನಡುವೆಯೂ ರೆಟಿನಾಕ್ಕೆ ರಕ್ತ ಹೋಗುತ್ತಲೇ ಇರುತ್ತದೆ. ಆದರೆ ಕಾಯಿಲೆಯ ಗುಂಪಿನ ಕೆಲವು ಇಲಿಗಳಲ್ಲಿ ಅಲೆಯ ತಳ ನೇರ ಸೊನ್ನೆಗೆ ಮುಟ್ಟುತ್ತಿತ್ತು. ಬಡಿತದ ತುದಿಯಲ್ಲಿ ಒಂದು ಚುರುಕಾದ ಏರು, ಆಮೇಲೆ ಏನೂ ಇಲ್ಲ, ಮತ್ತೆ ಏರು. ಅಳತೆ ಮಾಡಿದ ವಿದ್ಯಾರ್ಥಿನಿಯನ್ನು ಕರೆದು ತೋರಿಸಿದೆ.

"ಮೇಡಂ, ಇದು ಸಾಫ್ಟ್‌ವೇರ್ ತೊಂದರೆ ಅಂದ್ಕೊಂಡಿದ್ದೆ. ಲೈವ್‌ನಲ್ಲೂ ಅಪಧಮನಿ ಮಿಟುಕಿಸೋ ಹಾಗೆ ಕಾಣ್ತಿತ್ತು" ಅಂದಳು.

"ಮಿಟುಕಿಸೋದು ಅಂದ್ರೆ? ಪ್ರತಿ ಬಡಿತಕ್ಕೂ ಮುಚ್ಚಿ ತೆರೀತಿತ್ತಾ?"

"ಹೌದು ಮೇಡಂ. ಡಿಸ್ಕ್ ಹತ್ರ ಮಾತ್ರ."

ಇದು ಸಾಫ್ಟ್‌ವೇರ್ ಅಲ್ಲವೇ ಅಲ್ಲ. ಕಣ್ಣಿನೊಳಗಿನ ಒತ್ತಡ ಅಪಧಮನಿಯ ಕೆಳಗಿನ ಒತ್ತಡದ ಹತ್ತಿರಕ್ಕೆ, ಅಂದರೆ ಡಯಾಸ್ಟೊಲಿಕ್ ಮಟ್ಟಕ್ಕೆ ಬಂದಾಗ, ಅಪಧಮನಿ ಬಡಿತಗಳ ನಡುವೆ ಕುಸಿದು ಮುಚ್ಚಿಕೊಳ್ಳುತ್ತದೆ, ಮುಂದಿನ ಬಡಿತಕ್ಕೆ ತೆರೆಯುತ್ತದೆ. ಮನುಷ್ಯರಲ್ಲೂ ಕಣ್ಣುಗುಡ್ಡೆಯನ್ನು ಒತ್ತಿ ಹಿಡಿದರೆ ವೈದ್ಯರಿಗೆ ಇದು ಕಾಣುತ್ತದೆ. ಅಂದರೆ ಈ ಇಲಿಗಳಲ್ಲಿ ಒಂದೋ ಕಣ್ಣಿನ ಒತ್ತಡ ತೀರಾ ಏರಿತ್ತು, ಇಲ್ಲವೇ ಬಿಪಿ ತೀರಾ ಇಳಿದಿತ್ತು, ಅಥವಾ ಎರಡೂ ಸೇರಿತ್ತು.

ಕಣ್ಣಿಗೆ ರಕ್ತ ನೂಕುವ ಒತ್ತಡ ಅಂದರೆ, ಮಲಗಿರುವ ಪ್ರಾಣಿಯಲ್ಲಿ, ಸರಾಸರಿ ಬಿಪಿಯಿಂದ ಕಣ್ಣಿನ ಒತ್ತಡ ಕಳೆದರೆ ಉಳಿಯುವುದು. ಎಚ್ಚರವಾಗಿರುವ ಇಲಿಯ ಸರಾಸರಿ ಬಿಪಿ ಸುಮಾರು 100 ಮಿಲಿಮೀಟರ್ ಪಾದರಸ. ಕಣ್ಣಿನ ಒತ್ತಡ 15 ಇದ್ದರೆ ಉಳಿಯೋದು 85. ಅರಿವಳಿಕೆಯಲ್ಲಿ ಬಿಪಿ 65ಕ್ಕೆ ಬಿದ್ದು, ಮೇಲಿನಿಂದ ಏನೋ ಒತ್ತಿ ಕಣ್ಣಿನ ಒತ್ತಡ 35 ಆದರೆ ಉಳಿಯೋದು 30. ಅಷ್ಟು ಕೆಳಗೆ ಹೋದರೆ ರೆಟಿನಾ ತನ್ನ ಹರಿವನ್ನು ಕಾಪಾಡಿಕೊಳ್ಳಲಾರದು. ಸಕ್ಕರೆ ಕಾಯಿಲೆ ಇರಲಿ ಬಿಡಲಿ, ಯಾವ ಇಲಿಯಲ್ಲಾದರೂ ಹರಿವು ಇಳಿಯುತ್ತದೆ.

ತಂಡದ ದಾಖಲೆ ಪುಸ್ತಕದಲ್ಲಿ ಬಿಪಿ ಇರಲಿಲ್ಲ. ಕಣ್ಣಿನ ಒತ್ತಡವೂ ಇರಲಿಲ್ಲ. ಇದ್ದದ್ದು ತೂಕ, ಅರಿವಳಿಕೆಗೆ ಮೊದಲಿನ ಶುಗರ್, ಅರಿವಳಿಕೆಯ ಡೋಸ್, ಸ್ಕ್ಯಾನ್ ಸಮಯ. ಇದರಲ್ಲಿ ಸ್ಕ್ಯಾನ್ ಸಮಯ ಇದ್ದದ್ದು ಪುಣ್ಯ.

ಒತ್ತಿದ್ದು ಲೆನ್ಸ್

ಇಲಿಯ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 6 ಮಿಲಿಮೀಟರ್ ಅಷ್ಟೇ, ಮನುಷ್ಯರದ್ದು 24ರ ಹತ್ತಿರ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತುಂಬಾ ಬಾಗಿದೆ. ಅರಿವಳಿಕೆಯಲ್ಲಿ ಕಣ್ಣು ಮಿಟುಕಿಸದೆ ಬೇಗ ಒಣಗುತ್ತದೆ. ಹಾಗಾಗಿ ಬಿಂಬ ಚೆನ್ನಾಗಿ ಬರಲಿ, ಕಾರ್ನಿಯಾ ಒಣಗದಿರಲಿ ಅಂತ ಕಾಂಟ್ಯಾಕ್ಟ್ ಲೆನ್ಸ್ ಕೂರಿಸುತ್ತಾರೆ. ಈ ತಂಡ ಲೆನ್ಸನ್ನು ಹಿಡಿಕೆಗೆ ಸಿಕ್ಕಿಸಿ, ಬಿಂಬ ಚುರುಕಾಗುವ ತನಕ ಮೆಲ್ಲಗೆ ಕೆಳಗಿಳಿಸುತ್ತಿತ್ತು. ಬಿಂಬ ಚುರುಕಾದರೆ ಕೈ ನಿಲ್ಲುತ್ತದೆ, ಸರಿ. ಆದರೆ ಆ ಜಾಗದಲ್ಲಿ ಲೆನ್ಸ್ ಕಾರ್ನಿಯಾವನ್ನು ಎಷ್ಟು ಒತ್ತುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭವಾಗಿತ್ತು. ಒಂದು ಕಂಟ್ರೋಲ್ ಇಲಿಯಲ್ಲಿ ಮೊದಲಿನ ಹಾಗೇ ಲೆನ್ಸ್ ಇಟ್ಟು ಅಲೆ ನೋಡುತ್ತಾ, ಹಿಡಿಕೆಯ ತಿರುಪನ್ನು ಕೂದಲೆಳೆಯಷ್ಟು ಮೇಲೆತ್ತಿದೆವು. ಅಲೆಯ ತಳ ತಕ್ಷಣ ಮೇಲೆದ್ದಿತು. ಬಿಂಬದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಹರಿವಿನ ಸಂಖ್ಯೆ ಮಾತ್ರ ಬೇರೆಯೇ! ಮತ್ತೆ ಸ್ವಲ್ಪ ಇಳಿಸಿದರೆ ತಳ ಮತ್ತೆ ಕೆಳಕ್ಕೆ. ನಾಲ್ಕು ಜನ ಪರದೆಯ ಮುಂದೆ ನಿಂತು ಇದನ್ನೇ ನೋಡುತ್ತಿದ್ದೆವು, ಆಮೇಲೆ ಯಾರೂ ಹೆಚ್ಚು ವಾದ ಮಾಡಬೇಕಾಗಲಿಲ್ಲ.

ಆದರೆ ಲೆನ್ಸ್ ಎರಡೂ ಗುಂಪಿಗೆ ಒಂದೇ ರೀತಿ ಇಟ್ಟಿದ್ದರಲ್ಲ, ಹಾಗಿದ್ದರೆ ಕಾಯಿಲೆಯ ಗುಂಪಿನಲ್ಲಿ ಮಾತ್ರ ಯಾಕೆ ಸೊನ್ನೆಗೆ ಹೋಗಬೇಕು? ತಂಡದ ಮುಖ್ಯಸ್ಥರು ಕೇಳಿದ್ದೂ ಇದನ್ನೇ, ಕೇಳಲೇಬೇಕಾದ ಪ್ರಶ್ನೆ. ಉತ್ತರ ಅರಿವಳಿಕೆಯಲ್ಲಿತ್ತು.

ಅರಿವಳಿಕೆ ಎರಡು ಗುಂಪಿಗೂ ಒಂದೇ ಅಲ್ಲ

ಬಳಸಿದ್ದು ಕೆಟಮಿನ್ ಮತ್ತು ಜೈಲಜಿನ್. ಇಲಿಗಳಲ್ಲಿ ಎಲ್ಲರೂ ಬಳಸುವ ಜೋಡಿ. ಒಂದು ಚುಚ್ಚಿದರೆ ಸಾಕು, ಗ್ಯಾಸ್ ಯಂತ್ರ ಬೇಡ. ಜೈಲಜಿನ್ ಹೃದಯದ ಬಡಿತವನ್ನು ಚೆನ್ನಾಗೇ ಇಳಿಸುತ್ತದೆ, ಬಿಪಿಯನ್ನೂ ಬದಲಿಸುತ್ತದೆ. ಮೈ ಬಿಸಿ ಇಳಿಯುತ್ತದೆ, ಉಸಿರಾಟ ನಿಧಾನವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಇವೆಲ್ಲಾ ರೆಟಿನಾದ ಹರಿವನ್ನು ಒಂದೊಂದು ದಿಕ್ಕಿಗೆ ಎಳೆಯುತ್ತವೆ.

ಸಕ್ಕರೆ ಕಾಯಿಲೆಯ ಇಲಿ ಈ ಔಷಧಿಗೆ ಕಂಟ್ರೋಲ್ ಇಲಿಯ ಹಾಗೆ ಸ್ಪಂದಿಸೋದಿಲ್ಲ. ಅದು ಬಡಕಲಾಗಿರುತ್ತದೆ. ಇಡೀ ದಿನ ನೀರು ಕುಡಿದು ಮೂತ್ರ ಮಾಡುತ್ತಾ ಇರುತ್ತದೆ, ಮೈಯಲ್ಲಿ ನೀರಿನಂಶ ಕಡಿಮೆ. ಕೊಬ್ಬು ಕಡಿಮೆ, ಆದ್ದರಿಂದ ಬೇಗ ತಣ್ಣಗಾಗುತ್ತದೆ. ಕೆಜಿ ಲೆಕ್ಕದಲ್ಲಿ ಅದೇ ಡೋಸ್ ಕೊಟ್ಟರೂ ಅರಿವಳಿಕೆ ಹೆಚ್ಚು ಆಳಕ್ಕೆ ಹೋಗಬಹುದು. ಬಾಲಕ್ಕೆ ಪಟ್ಟಿ ಕಟ್ಟಿ ಬಿಪಿ ನೋಡಿದಾಗ, ಅರಿವಳಿಕೆಯಲ್ಲಿ ಕಾಯಿಲೆಯ ಇಲಿಗಳ ಬಿಪಿ ಕಂಟ್ರೋಲ್‌ಗಳಿಗಿಂತ ಕೆಳಗೇ ಇತ್ತು. ಅಂದರೆ ಲೆನ್ಸ್ ಎರಡೂ ಗುಂಪನ್ನು ಅಷ್ಟೇ ಒತ್ತಿದ್ದರೂ, ಮೊದಲೇ ಬಿಪಿ ಕಡಿಮೆ ಇದ್ದ ಗುಂಪಿಗೆ ಅದರ ಪೆಟ್ಟು ಜಾಸ್ತಿ ಬಿತ್ತು. ಆ ಪೆಟ್ಟು ಗ್ರಾಫಿನಲ್ಲಿ ಕಾಯಿಲೆಯ ಪರಿಣಾಮದ ಹಾಗೆ ಕಂಡಿತು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಜೈಲಜಿನ್ ಇನ್ಸುಲಿನ್ ಬಿಡುಗಡೆಯನ್ನು ತಡೆಯುತ್ತದೆ. ಹೊಟ್ಟೆ ತುಂಬಿರುವ ಆರೋಗ್ಯವಾದ ಇಲಿಗೆ ಕೆಟಮಿನ್ ಮತ್ತು ಜೈಲಜಿನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದರ ಶುಗರ್ 200 ದಾಟುವುದು ಅಪರೂಪವೇನಲ್ಲ. ಕಂಟ್ರೋಲ್ ಗುಂಪಿನ ಶುಗರ್ ನಾರ್ಮಲ್ ಅಂತ ದಾಖಲೆ ಹೇಳುತ್ತಿತ್ತು, ಯಾಕೆಂದರೆ ಅದನ್ನು ನೋಡಿದ್ದು ಚುಚ್ಚುವ ಮೊದಲು. ಸ್ಕ್ಯಾನ್ ಮಾಡುವ ಹೊತ್ತಿಗೆ ಆ ಇಲಿಗಳ ಶುಗರ್ ಕೂಡ ಏರಿತ್ತು. ಸ್ಟ್ರಿಪ್ ಹಾಕಿ ನೋಡಿದಾಗ ಅದೂ ಖಚಿತವಾಯಿತು. ಶುಗರ್ ಒಮ್ಮೆಲೇ ಏರುವುದೇ ರೆಟಿನಾದ ಹರಿವನ್ನು ಬದಲಿಸಬಲ್ಲದು. ಹಾಗಾದರೆ ಈ ಅಧ್ಯಯನ ನಿಜವಾಗಿ ಹೋಲಿಸಿದ್ದು ಶುಗರ್ ಇರುವ ಇಲಿಯನ್ನು ಶುಗರ್ ಇಲ್ಲದ ಇಲಿಯ ಜೊತೆ ಅಲ್ಲ. ವಾರಗಟ್ಟಲೆ ಶುಗರ್ ಇದ್ದ ಇಲಿಯನ್ನು, ಅರ್ಧ ಗಂಟೆಯಿಂದ ಶುಗರ್ ಏರಿದ ಇಲಿಯ ಜೊತೆ. ಅದು ಬೇರೆಯೇ ಪ್ರಶ್ನೆ ಅಲ್ವಾ!

ಸ್ಕ್ಯಾನ್ ಸಮಯದ ವಿಷಯಕ್ಕೆ ಬರುತ್ತೇನೆ. ಕಂಟ್ರೋಲ್ ಇಲಿಗಳನ್ನೆಲ್ಲ ಬೆಳಗ್ಗೆ, ಕಾಯಿಲೆಯ ಇಲಿಗಳನ್ನೆಲ್ಲ ಮಧ್ಯಾಹ್ನದ ಮೇಲೆ ಅಳೆದಿದ್ದರು. ಪಂಜರಗಳು ಇಟ್ಟಿದ್ದ ಕ್ರಮ ಹಾಗಿತ್ತು, ಅಷ್ಟೇ ಕಾರಣ. ಅದಲ್ಲದೆ ಕಾಯಿಲೆಯ ಇಲಿಗಳಲ್ಲಿ ಅರಿವಳಿಕೆ ಕೊಟ್ಟ ಎಷ್ಟೋ ಹೊತ್ತಿನ ಮೇಲೆ ಸ್ಕ್ಯಾನ್ ಆಗಿತ್ತು. ಯಾಕೆ ಅಂತ ಕೇಳಿದರೆ, ಕಣ್ಣಿನ ಮಸೂರ ಮಂಜಾಗಿ ಬಿಂಬ ಸಿಗುತ್ತಿರಲಿಲ್ಲ ಅಂದರು. ಜೈಲಜಿನ್ ಕೊಟ್ಟ ಇಲಿಗಳಲ್ಲಿ ಮಸೂರ ತಾತ್ಕಾಲಿಕವಾಗಿ ಬೆಳ್ಳಗಾಗುವುದು ಗೊತ್ತಿರುವ ಸಂಗತಿ, ಕಣ್ಣು ಒಣಗಿದರೆ, ತಣ್ಣಗಾದರೆ ಇನ್ನೂ ಜಾಸ್ತಿ. ಸಕ್ಕರೆ ಕಾಯಿಲೆಯ ಇಲಿಗಳಿಗೆ ಕಾಯಿಲೆಯಿಂದಲೇ ಬರುವ ಪೊರೆ ಬೇರೆ. ಬಿಂಬ ಸಿಗದಿದ್ದಾಗ ಏನು ಮಾಡುತ್ತಾರೆ? ಲೆನ್ಸನ್ನು ಇನ್ನೂ ಸ್ವಲ್ಪ ಕೆಳಗಿಳಿಸುತ್ತಾರೆ. ಹೆಚ್ಚು ಹೊತ್ತು, ಹೆಚ್ಚು ತಂಪು, ಹೆಚ್ಚು ಒತ್ತಡ, ಮೂರೂ ಒಂದೇ ಗುಂಪಿನ ಮೇಲೆ ಬಿದ್ದವು.

ಉಳಿದ ಎರಡು ವಿಷಯ ಬೇಗ ಹೇಳುತ್ತೇನೆ. ಪಾಪೆ ಹಿಗ್ಗಿಸೋದಕ್ಕೆ ಟ್ರಾಪಿಕಮೈಡ್ ಜೊತೆ ಫಿನೈಲೆಫ್ರಿನ್ ಹನಿಯನ್ನೂ ಹಾಕಿದ್ದರು. ಫಿನೈಲೆಫ್ರಿನ್ ನಾಳಗಳನ್ನು ಕುಗ್ಗಿಸುವ ಔಷಧಿ. ಮನುಷ್ಯರ ಕಣ್ಣಿಗೆ ಹಾಕುವ ಒಂದು ಹನಿ ಇಷ್ಟು ಚಿಕ್ಕ ಪ್ರಾಣಿಗೆ ದೊಡ್ಡ ಡೋಸ್, ಕಣ್ಣಿಂದ ಮೈಗೆ ಹೋಗಿ ಬಿಪಿಯನ್ನೂ ಅಲ್ಲಾಡಿಸುತ್ತದೆ. ಎರಡನೆಯದು ಅಳತೆಪಟ್ಟಿ. ಯಂತ್ರ ಎಲ್ಲಾ ಕಣ್ಣುಗಳನ್ನೂ ಒಂದೇ ಗಾತ್ರ ಅಂತ ಇಟ್ಟುಕೊಂಡು ಪಿಕ್ಸೆಲ್‌ಗಳನ್ನು ಮೈಕ್ರಾನ್‌ಗೆ ತಿರುಗಿಸುತ್ತದೆ. ಬೆಳವಣಿಗೆ ಕುಂಠಿತವಾದ ಇಲಿಯ ಕಣ್ಣು ಸ್ವಲ್ಪ ಚಿಕ್ಕದಿದ್ದರೆ ಉದ್ದದಲ್ಲಿ 5 ಶೇಕಡಾ ತಪ್ಪು ವಿಸ್ತೀರ್ಣದಲ್ಲಿ 10ಕ್ಕೆ ಏರುತ್ತದೆ, ಹರಿವಿನಲ್ಲೂ ಅಷ್ಟೇ. ನಾಳದ ಅಂಚನ್ನು ಕೈಯಲ್ಲಿ ಗುರುತಿಸಿದವರಿಗೆ ಯಾವ ಇಲಿ ಯಾವ ಗುಂಪು ಅಂತ ಗೊತ್ತಿತ್ತು ಅನ್ನೋದನ್ನೂ ಸೇರಿಸಿಕೊಳ್ಳಿ. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ 50 ಮೈಕ್ರಾನ್ ನಾಳವನ್ನು 53 ಅಂತ ಗುರುತಿಸಿದರೆ ವಿಸ್ತೀರ್ಣ 12 ಶೇಕಡಾ ಹೆಚ್ಚಾಗುತ್ತದೆ, ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣೋದೂ ಇಲ್ಲ.

ಮತ್ತೆ ಅಳೆದಿದ್ದು

ಇಲ್ಲಿ ಒಂದು ಅನುಕೂಲ ಇತ್ತು. ಓಸಿಟಿಯಲ್ಲಿ ಪ್ರಾಣಿ ಸಾಯುವುದಿಲ್ಲ. ಅದೇ ಇಲಿಗಳು ಎದ್ದು ಓಡಾಡಿಕೊಂಡಿದ್ದವು, ಹೊಸ ಪ್ರಾಣಿಗಳನ್ನು ತರಬೇಕಾಗಲಿಲ್ಲ. ನೈತಿಕ ಸಮಿತಿಗೆ ಬದಲಾದ ವಿಧಾನ ಬರೆದು ಕೊಟ್ಟು, ಒಪ್ಪಿಗೆ ಬಂದ ಮೇಲೆ ಶುರು ಮಾಡಿದರು.

ಅರಿವಳಿಕೆಯನ್ನು ಐಸೊಫ್ಲುರೇನ್ ಅನ್ನುವ ಗ್ಯಾಸಿಗೆ ಬದಲಿಸಿದರು. ಇದೂ ನಿರುಪದ್ರವಿ ಅಲ್ಲ, ನಾಳಗಳನ್ನು ಹಿಗ್ಗಿಸುತ್ತದೆ, ಬಿಪಿ ಇಳಿಸುತ್ತದೆ. ಆದರೆ ಆಳವನ್ನು ನಿಮಿಷ ನಿಮಿಷಕ್ಕೂ ಹೊಂದಿಸಬಹುದು, ಇನ್ಸುಲಿನ್ ದಾರಿಯಲ್ಲಿ ಜೈಲಜಿನ್‌ನಷ್ಟು ಅಡ್ಡ ಬರೋದಿಲ್ಲ. ಒಂದು ಎಚ್ಚರಿಕೆ ಮುಖ್ಯ. ಐಸೊಫ್ಲುರೇನ್ ಯಂತ್ರಗಳನ್ನು ಬಹಳ ಕಡೆ ಶುದ್ಧ ಆಮ್ಲಜನಕದಲ್ಲೇ ನಡೆಸುತ್ತಾರೆ. 1983ರಲ್ಲಿ ರೀವಾ ಅವರ ಗುಂಪೇ ಮನುಷ್ಯರಲ್ಲಿ ತೋರಿಸಿದ್ದು, ಶುದ್ಧ ಆಮ್ಲಜನಕ ಉಸಿರಾಡಿದರೆ ರೆಟಿನಾದ ಹರಿವು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಅಂತ. ಹಾಗೆ ಮಾಡಿದರೆ ಎರಡೂ ಗುಂಪಿನ ನಾಳಗಳು ಮೊದಲೇ ಕುಗ್ಗಿ ಕೂತಿರುತ್ತವೆ, ವ್ಯತ್ಯಾಸ ಕಾಣೋದಕ್ಕೆ ಜಾಗವೇ ಇರಲ್ಲ. ಆದ್ದರಿಂದ ಗಾಳಿಗೆ ಸ್ವಲ್ಪ ಮಾತ್ರ ಆಮ್ಲಜನಕ ಸೇರಿಸಿ ಕೊಟ್ಟರು, ರಕ್ತದ ಆಮ್ಲಜನಕ ಮಟ್ಟವನ್ನೂ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ನೋಡುತ್ತಾ ಇದ್ದರು.

ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಮೈ ಬಿಸಿಯನ್ನು 37 ಡಿಗ್ರಿಯಲ್ಲಿ ನಿಲ್ಲಿಸಿದರು. ಕಾಂಟ್ಯಾಕ್ಟ್ ಲೆನ್ಸ್ ತೆಗೆದುಹಾಕಿ, ಕಾರ್ನಿಯಾ ಮೇಲೆ ದಪ್ಪಗೆ ಜೆಲ್ ಹಾಕಿ, ಅದರ ಮೇಲೆ ತೆಳು ಗಾಜಿನ ಚೂರನ್ನು ಕಾರ್ನಿಯಾಕ್ಕೆ ತಾಗದ ಹಾಗೆ ಹಿಡಿದರು. ಜೆಲ್ ಹಾಕುವ ಮೊದಲು ಮತ್ತು ಸ್ಕ್ಯಾನ್ ಮುಗಿಸಿ ಒರೆಸಿದ ಮೇಲೆ ಇಲಿಗಳಿಗೆ ಅಂತಲೇ ಇರುವ ರಿಬೌಂಡ್ ಟೋನೋಮೀಟರ್‌ನಿಂದ ಕಣ್ಣಿನ ಒತ್ತಡ ನೋಡಿದರು, ಸ್ಕ್ಯಾನ್ ಹೊತ್ತಿನ ಒತ್ತಡಕ್ಕೆ ಅಲೆಯ ತಳವೇ ಸಾಕ್ಷಿ. ಬಾಲದ ಬಿಪಿ ಪ್ರತಿ ಪ್ರಾಣಿಗೂ. ಫಿನೈಲೆಫ್ರಿನ್ ಬಿಟ್ಟರು. ಒಂದು ಕಂಟ್ರೋಲ್, ಒಂದು ಕಾಯಿಲೆಯ ಇಲಿ, ಹೀಗೆ ಜೋಡಿಯಾಗಿ, ಯಾವುದು ಮೊದಲು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ ಅಳೆದರು. ಅರಿವಳಿಕೆ ಶುರುವಾಗಿ ನಿಗದಿತ ಹೊತ್ತಾದ ಮೇಲೇ ಸ್ಕ್ಯಾನ್, ಅಷ್ಟರಲ್ಲಿ ಬಿಂಬ ಸಿಗದಿದ್ದರೆ ಆ ದಿನ ಆ ಪ್ರಾಣಿ ಬೇಡ. ಚಿತ್ರಗಳಿಗೆ ಸಂಕೇತ ಸಂಖ್ಯೆ ಕೊಟ್ಟು, ಗುಂಪು ಗೊತ್ತಿಲ್ಲದವರು ನಾಳದ ಅಂಚು ಗುರುತಿಸಿದರು.

ನಾನು ಹಠ ಹಿಡಿದು ಎರಡು ಪರೀಕ್ಷೆ ಸೇರಿಸಿದೆ. ಒಂದು, ಅಪಧಮನಿಗಳ ಒಟ್ಟು ಹರಿವು ಮತ್ತು ಸಿರೆಗಳ ಒಟ್ಟು ಹರಿವು ಹೊಂದಬೇಕು. ಒಳಗೆ ಹೋದಷ್ಟು ರಕ್ತ ಹೊರಗೆ ಬರಲೇಬೇಕಲ್ಲ, ಎರಡು ಲೆಕ್ಕ ದೂರ ಇದ್ದರೆ ಆ ಸ್ಕ್ಯಾನ್ ನಂಬುವಂತಿಲ್ಲ. ಇನ್ನೊಂದು, ಪ್ರತಿ ಅಳತೆಯ ಕೊನೆಗೆ ಕೆಲವು ನಿಮಿಷ ಶುದ್ಧ ಆಮ್ಲಜನಕ ಕೊಟ್ಟು ನೋಡೋದು. ಹರಿವು ಇಳಿಯಲೇಬೇಕು. ಇಳಿಯದಿದ್ದರೆ ಒಂದೋ ನಮ್ಮ ವಿಧಾನಕ್ಕೆ ಬದಲಾವಣೆ ಹಿಡಿಯುವ ಶಕ್ತಿ ಇಲ್ಲ, ಇಲ್ಲವೇ ಆ ಪ್ರಾಣಿಯ ನಾಳಗಳು ಸ್ಪಂದಿಸುವ ಸ್ಥಿತಿಯಲ್ಲಿಲ್ಲ. ಎರಡರಲ್ಲಿ ಯಾವುದಾದರೂ ನಮಗೆ ಗೊತ್ತಿರಬೇಕು. ಇದಕ್ಕೆ ಹೊಸ ಉಪಕರಣ ಬೇಡ, ಗ್ಯಾಸಿನ ಕೊಳವೆ ತಿರುಗಿಸಿದರೆ ಆಯಿತು. ಆದರೂ ಎಷ್ಟು ಕಡಿಮೆ ಜನ ಮಾಡುತ್ತಾರೆ ಅಂತ ನನಗೆ ನಿಜವಾಗಿಯೂ ಬೇಸರ.

ಸಿಕ್ಕಿದ್ದು

ಅಲೆಯ ತಳ ಯಾವ ಪ್ರಾಣಿಯಲ್ಲೂ ಸೊನ್ನೆಗೆ ಹೋಗಲಿಲ್ಲ. ಆಮ್ಲಜನಕಕ್ಕೆ ಎರಡೂ ಗುಂಪಿನಲ್ಲಿ ಹರಿವು ಇಳಿಯಿತು, ಅಂದರೆ ಅಳತೆ ಕೆಲಸ ಮಾಡುತ್ತಿತ್ತು. ಗುಂಪುಗಳ ನಡುವಿನ ವ್ಯತ್ಯಾಸ ಮಾತ್ರ ಬಹಳ ಕುಗ್ಗಿತು. ಕಾಯಿಲೆಯ ಇಲಿಗಳಲ್ಲಿ ಹರಿವು ಈಗಲೂ ಸ್ವಲ್ಪ ಕಡಿಮೆ ಕಡೆಗೇ ಇತ್ತು, ಆದರೆ ಎರಡು ಗುಂಪಿನ ಸಂಖ್ಯೆಗಳು ಒಂದರ ಮೇಲೊಂದು ಹಾಯ್ದುಹೋಗುತ್ತಿದ್ದವು. ಕಣ್ಣಿಗೆ ನೂಕುವ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದೂ ಇನ್ನಷ್ಟು ಸಣ್ಣದಾಯಿತು.

ಈ ಕ್ಷೇತ್ರದ ಹಳೆಯ ಜಗಳಕ್ಕೂ ಇದಕ್ಕೂ ಸಂಬಂಧ ಇದೆ. ಸ್ಟ್ರೆಪ್ಟೊಜೊಟೊಸಿನ್ ಇಲಿಗಳಲ್ಲಿ ಫ್ಲೋರೆಸಿನ್ ಬಣ್ಣ ಚುಚ್ಚಿ ವಿಡಿಯೋ ತೆಗೆದು ಅಳೆದವರಿಗೆ ಹರಿವು ಕಡಿಮೆಯಾಗಿ ಕಂಡಿದೆ. 1996ರಲ್ಲಿ ಪ್ರೋಟೀನ್ ಕೈನೇಸ್ ಸಿ ಬೀಟಾ ಅನ್ನುವ ಕಿಣ್ವವನ್ನು ತಡೆಯುವ ಔಷಧಿಯಿಂದ ಅದು ಸರಿಹೋಗುತ್ತದೆ ಅಂತ ಬಂದ ಕೆಲಸ ದೊಡ್ಡ ಸುದ್ದಿಯಾಗಿತ್ತು. ಮೈಕ್ರೋಸ್ಫಿಯರ್ ಬಳಸಿದ ಕೆಲವು ಕೆಲಸಗಳಲ್ಲಿ ಇದಕ್ಕೆ ಉಲ್ಟಾ, ಹರಿವು ಹೆಚ್ಚಾಗಿದೆ ಅಂತ ಬಂದಿದೆ. ಎರಡು ಕಡೆಯವರೂ ಎಚ್ಚರದಿಂದ ಕೆಲಸ ಮಾಡಿದವರೇ. ಅರಿವಳಿಕೆ, ಕಾಯಿಲೆಯ ಅವಧಿ, ಇಲಿಯ ತಳಿ, ಅಳೆಯುವ ವಿಧಾನ ಎಲ್ಲವೂ ಬೇರೆ ಬೇರೆ ಇದ್ದಾಗ ಉತ್ತರ ಬೇರೆ ಬಂದರೆ ನನಗೆ ಆಶ್ಚರ್ಯ ಇಲ್ಲ. ರೆಟಿನಾದ ಹರಿವಿನ ಸಂಖ್ಯೆ ಅನ್ನೋದು ಆ ಹೊತ್ತಿನ ಇಡೀ ಪ್ರಾಣಿಯ ಸಂಖ್ಯೆ. ಅದರ ಬಿಪಿ, ಉಸಿರು, ಬಿಸಿ, ಶುಗರ್, ಕಣ್ಣಿನ ಒತ್ತಡ ಬರೆದಿಡದೆ ಹರಿವನ್ನು ಮಾತ್ರ ಪ್ರಕಟಿಸಿದರೆ ಬೇರೆ ಲ್ಯಾಬಿನವರು ಅದನ್ನು ಯಾವುದರ ಜೊತೆ ಹೋಲಿಸಬೇಕು?

ತಂಡ ಪೇಪರಿನ ಶೀರ್ಷಿಕೆ ಬದಲಿಸಿತು. ಮೊದಲ ಸುತ್ತಿನ ಡೇಟಾವನ್ನು ಮುಚ್ಚಿಡಲಿಲ್ಲ, ಅದನ್ನೇ ಲೆನ್ಸ್ ಒತ್ತಡದ ಉದಾಹರಣೆಯಾಗಿ ಸೇರಿಸಿತು. ಈ ನಿರ್ಧಾರ ನನಗೆ ತುಂಬಾ ಹಿಡಿಸಿತು, ಸುಲಭದ್ದಲ್ಲ ಅದು. ಪ್ರಾಣಿ ಪ್ರಯೋಗ ವರದಿ ಮಾಡುವ ಅರೈವ್ ಮಾರ್ಗಸೂಚಿ ಕೇಳುವ ಹಾಗೆ, ಯಾದೃಚ್ಛಿಕವಾಗಿ ಹಂಚಿದ್ದು ಹೇಗೆ, ಯಾರಿಗೆ ಗುಂಪು ಗೊತ್ತಿರಲಿಲ್ಲ, ಎಷ್ಟು ಪ್ರಾಣಿಗಳನ್ನು ಯಾವ ಕಾರಣಕ್ಕೆ ಬಿಟ್ಟರು ಎಲ್ಲವನ್ನೂ ಬರೆದರು. ಪ್ರತಿ ಪ್ರಾಣಿಯ ಬಿಪಿ, ಕಣ್ಣಿನ ಒತ್ತಡ, ಮೈ ಬಿಸಿ, ಸ್ಕ್ಯಾನ್ ಹೊತ್ತಿನ ಶುಗರ್ ಒಂದು ಕೋಷ್ಟಕದಲ್ಲಿ ಹಾಕಿದರು.

ಉಳಿದ ಸಣ್ಣ ವ್ಯತ್ಯಾಸ ನಿಜವಾ ಅಂತ ಹೇಳೋದಕ್ಕೆ ಈ ಡೇಟಾ ಸಾಲದು. ಐಸೊಫ್ಲುರೇನ್ ನಾಳಗಳನ್ನು ಹಿಗ್ಗಿಸಿ ಕಾಯಿಲೆಯ ಪರಿಣಾಮವನ್ನೇ ಮುಚ್ಚಿರಬಹುದು, ಇದು ಗಟ್ಟಿಯಾದ ಆಕ್ಷೇಪಣೆ, ನಾನೂ ಒಪ್ಪುತ್ತೇನೆ. ಅದನ್ನು ಬಿಡಿಸೋದಕ್ಕೆ ದಾರಿ ಎಂದರೆ ಅದೇ ಇಲಿಗಳನ್ನು ಕಾಯಿಲೆ ಬರುವ ಮೊದಲಿಂದ ಹಿಡಿದು ವಾರ ವಾರವೂ ಅಳೆಯೋದು, ಆಗ ಪ್ರತಿ ಇಲಿಗೂ ಅದೇ ಅದರ ಕಂಟ್ರೋಲ್ ಆಗುತ್ತದೆ, ಕಣ್ಣಿನ ಗಾತ್ರ ಮತ್ತು ತಳಿಯ ವ್ಯತ್ಯಾಸದ ತಲೆನೋವೂ ತಪ್ಪುತ್ತದೆ. ಎರಡು ಬೇರೆ ಅರಿವಳಿಕೆಗಳಲ್ಲಿ ಒಂದೇ ಉತ್ತರ ಬಂದರೆ ಮಾತ್ರ ನಂಬೋಣ ಅಂತ ಅವರಿಗೆ ಹೇಳಿದ್ದೇನೆ. ಮುಂದಿನ ಗುಂಪಿನ ಇಲಿಗಳಿಗೆ ಚುಚ್ಚುಮದ್ದು ಕೊಡುವ ಮೊದಲಿನ ಅಳತೆ ಈಗ ನಡೆಯುತ್ತಿದೆ.